ಶಬ್ದಾತೀತ ವೇಗ

ಶಬ್ದಾತೀತ ವೇಗ ಅಥವಾ ಸೂಪರ್‌ಸಾನಿಕ್ ವೇಗ ಎಂದರೆ ಒಂದು ಮಾಧ್ಯಮದಲ್ಲಿ ಶಬ್ದವು ಸಂಚರಿಸುವ ವೇಗಕ್ಕಿಂತ ಹೆಚ್ಚಾದ ವೇಗ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ಒಣ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್, ಅಂದರೆ ಗಂಟೆಗೆ ಸುಮಾರು 1,225 ಕಿ.ಮೀ. ಸಾಗುತ್ತದೆ. ಇದಕ್ಕಿಂತ ವೇಗವಾಗಿ ಗಾಳಿಯಲ್ಲಿ ಚಲಿಸುವ ವಸ್ತುವಿನ ಸುತ್ತ ಆಘಾತ ತರಂಗಗಳು ಏಳುತ್ತವೆ. ನೆಲದ ಮೇಲಿರುವವರಿಗೆ ಅವು ಸಿಡಿಲಿನಂತಹ ಸದ್ದಾಗಿ ಕೇಳಿಸುತ್ತವೆ. ರೈಫಲ್ ಗುಂಡು, ಯುದ್ಧವಿಮಾನ, ಕ್ಷಿಪಣಿ ಮತ್ತು ರಾಕೆಟ್‌ಗಳು ಶಬ್ದಾತೀತ ವೇಗದಲ್ಲಿ ಚಲಿಸುವ ಪರಿಚಿತ ಉದಾಹರಣೆಗಳು. ಭಾರತದಲ್ಲಿ ಈ ಕ್ಷೇತ್ರದ ಸಂಶೋಧನೆ ಮತ್ತು ವಿಮಾನ ನಿರ್ಮಾಣದ ಬಹುಭಾಗ ಬೆಂಗಳೂರಿನಲ್ಲಿ ನಡೆದಿದೆ.

ಶಬ್ದಾತೀತ ಮತ್ತು ಶ್ರವಣಾತೀತ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು, ಆದರೆ ಅವು ಬೇರೆ ಬೇರೆ. ಶ್ರವಣಾತೀತ ಎಂಬುದು ಮನುಷ್ಯನ ಕಿವಿಗೆ ಕೇಳಿಸದಷ್ಟು ಹೆಚ್ಚಿನ, ಅಂದರೆ 20,000 ಹರ್ಟ್ಸ್‌ಗಿಂತ ಮೇಲಿನ ಕಂಪನಾಂಕದ ಶಬ್ದವನ್ನು ಸೂಚಿಸುತ್ತದೆ. ಬಾವಲಿಗಳು ಹೊರಡಿಸುವ ಮತ್ತು ಆಸ್ಪತ್ರೆಯ ಸ್ಕ್ಯಾನಿಂಗ್‌ನಲ್ಲಿ ಬಳಸುವ ಶಬ್ದ ಇಂಥದ್ದು. ಅದರ ವೇಗ ಸಾಮಾನ್ಯ ಶಬ್ದದ ವೇಗದಷ್ಟೇ ಇರುತ್ತದೆ.

ಶಬ್ದದ ವೇಗ

ಶಬ್ದವು ಒತ್ತಡದ ಅಲೆ. ಗಾಳಿಯ ಒಂದು ಕಣ ಪಕ್ಕದ ಕಣವನ್ನು ತಳ್ಳುತ್ತದೆ, ಅದು ಮುಂದಿನದನ್ನು ತಳ್ಳುತ್ತದೆ. ಈ ತಳ್ಳಾಟ ಎಷ್ಟು ಬೇಗ ಮುಂದುವರಿಯುತ್ತದೆ ಎಂಬುದು ಕಣಗಳು ಎಷ್ಟು ಚುರುಕಾಗಿ ಓಡಾಡುತ್ತಿವೆ ಎಂಬುದನ್ನು ಅವಲಂಬಿಸಿದೆ, ಕಣಗಳ ಚುರುಕಿಗೆ ಉಷ್ಣಾಂಶವೇ ಅಳತೆ. ಆದ್ದರಿಂದ ಗಾಳಿಯಲ್ಲಿ ಶಬ್ದದ ವೇಗ ಮುಖ್ಯವಾಗಿ ಉಷ್ಣಾಂಶದಿಂದ ನಿರ್ಧಾರವಾಗುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದರಿಂದ ಶಬ್ದ ನಿಧಾನವಾಗುತ್ತದೆ ಎಂಬ ತಿಳಿವಳಿಕೆ ಸರಿಯಲ್ಲ. ಅಲ್ಲಿ ಗಾಳಿ ತಣ್ಣಗಿರುವುದರಿಂದ ಶಬ್ದ ನಿಧಾನವಾಗುತ್ತದೆ.

ಯಾದಗಿರಿ ಬಳಿಯ ಮುದನಾಳದಂತಹ ಬಯಲುಸೀಮೆಯ ಊರಿನಲ್ಲಿ, 40 ಡಿಗ್ರಿ ಬಿಸಿಲಿರುವ ಬೇಸಿಗೆಯ ಮಧ್ಯಾಹ್ನ ಶಬ್ದವು ಸೆಕೆಂಡಿಗೆ ಸುಮಾರು 355 ಮೀಟರ್ ಸಾಗುತ್ತದೆ. ಅದೇ ಊರಿನಲ್ಲಿ ಚಳಿಗಾಲದ ಬೆಳಗಿನ ಜಾವ ಉಷ್ಣಾಂಶ 15 ಡಿಗ್ರಿಗೆ ಇಳಿದರೆ ವೇಗ 340 ಮೀಟರ್‌ಗೆ ಇಳಿಯುತ್ತದೆ. ನೆಲದಿಂದ 11 ಕಿ.ಮೀ. ಎತ್ತರದಲ್ಲಿ, ಉಷ್ಣಾಂಶ ಸೊನ್ನೆಗಿಂತ 56 ಡಿಗ್ರಿ ಕೆಳಗಿರುವಾಗ, ಅದು ಸುಮಾರು 295 ಮೀಟರ್ ಮಾತ್ರ, ಅಂದರೆ ಗಂಟೆಗೆ ಸುಮಾರು 1,060 ಕಿ.ಮೀ. ನೀರಿನಲ್ಲಿ ಶಬ್ದದ ವೇಗ ಗಾಳಿಯಲ್ಲಿರುವುದರ ನಾಲ್ಕು ಪಟ್ಟಿಗಿಂತ ಹೆಚ್ಚು, ಉಕ್ಕಿನಲ್ಲಿ ಇನ್ನೂ ಹೆಚ್ಚು.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿ ಬಿದ್ದಿತು ಎಂಬ ಅಂದಾಜು ಸಿಗುತ್ತದೆ. ಶಬ್ದವು ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು ಎಂಬುದೇ ಈ ಲೆಕ್ಕದ ಆಧಾರ. ಯಾದಗಿರಿಗೂ ಬೆಂಗಳೂರಿಗೂ ನೇರ ಅಂತರ 425 ಕಿ.ಮೀ. ಆಸುಪಾಸಿನಲ್ಲಿದೆ. ಅಷ್ಟು ದೂರ ಸಾಗಲು ಶಬ್ದಕ್ಕೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕು. 11 ಕಿ.ಮೀ. ಎತ್ತರದಲ್ಲಿ ಅಲ್ಲಿನ ಶಬ್ದದ ಎರಡರಷ್ಟು ವೇಗದಲ್ಲಿ ಹಾರುವ ವಿಮಾನಕ್ಕೆ ಹನ್ನೆರಡು ನಿಮಿಷ ಸಾಕು.

ಮ್ಯಾಕ್ ಸಂಖ್ಯೆ

ಶಬ್ದದ ವೇಗವೇ ಬದಲಾಗುವುದರಿಂದ, ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಹೇಳಿದರೆ ವಿಮಾನ ಶಬ್ದಾತೀತವೋ ಅಲ್ಲವೋ ಎಂಬುದು ತಿಳಿಯುವುದಿಲ್ಲ. ಗಂಟೆಗೆ 1,100 ಕಿ.ಮೀ. ವೇಗವು ನೆಲದ ಸಮೀಪದಲ್ಲಿ ಶಬ್ದಕ್ಕಿಂತ ಕಡಿಮೆ, 11 ಕಿ.ಮೀ. ಎತ್ತರದಲ್ಲಿ ಶಬ್ದಕ್ಕಿಂತ ಹೆಚ್ಚು. ಆದ್ದರಿಂದ ವಸ್ತುವಿನ ವೇಗವನ್ನು ಅದು ಇರುವ ಜಾಗದ ಶಬ್ದವೇಗದಿಂದ ಭಾಗಿಸಿ ಬರುವ ಮ್ಯಾಕ್ ಸಂಖ್ಯೆಯನ್ನು ಬಳಸುತ್ತಾರೆ. ಮ್ಯಾಕ್ 1 ಎಂದರೆ ಶಬ್ದದಷ್ಟೇ ವೇಗ, ಮ್ಯಾಕ್ 2 ಎಂದರೆ ಅದರ ಇಮ್ಮಡಿ.

ಆಸ್ಟ್ರಿಯಾದ ಭೌತವಿಜ್ಞಾನಿ ಅರ್ನ್ಸ್ಟ್ ಮ್ಯಾಕ್ ಹಾಗೂ ಪೀಟರ್ ಸಾಲ್ಚರ್ ಹಾರುತ್ತಿರುವ ಗುಂಡಿನ ಮುಂದೆ ಮೂಡುವ ಆಘಾತ ತರಂಗದ ಛಾಯಾಚಿತ್ರಗಳನ್ನು 1887ರಲ್ಲಿ ಪ್ರಕಟಿಸಿದರು. ಈ ಅಳತೆಗೆ ಮ್ಯಾಕ್ ಅವರ ಹೆಸರನ್ನು ಇಟ್ಟವರು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಯಾಕೊಬ್ ಅಕೆರೆಟ್, 1929ರಲ್ಲಿ.

ಸಾಮಾನ್ಯವಾಗಿ ಮ್ಯಾಕ್ 0.8ಕ್ಕಿಂತ ಕೆಳಗಿನ ವೇಗವನ್ನು ಸಬ್‌ಸಾನಿಕ್, 0.8ರಿಂದ 1.2ರವರೆಗಿನದನ್ನು ಟ್ರಾನ್ಸಾನಿಕ್, 1.2ರಿಂದ 5ರವರೆಗಿನದನ್ನು ಸೂಪರ್‌ಸಾನಿಕ್ ಮತ್ತು 5ಕ್ಕಿಂತ ಹೆಚ್ಚಿನದನ್ನು ಹೈಪರ್‌ಸಾನಿಕ್ ಎಂದು ವಿಂಗಡಿಸುತ್ತಾರೆ. ಇಂದಿನ ಪ್ರಯಾಣಿಕ ಜೆಟ್ ವಿಮಾನಗಳು ಮ್ಯಾಕ್ 0.8ರ ಆಸುಪಾಸಿನಲ್ಲಿ ಹಾರುತ್ತವೆ. ಇದು ಆಕಸ್ಮಿಕವಲ್ಲ. ಟ್ರಾನ್ಸಾನಿಕ್ ವಲಯದಲ್ಲಿ ವಿಮಾನದ ಉಬ್ಬಿದ ಭಾಗಗಳ ಮೇಲೆ ಹರಿಯುವ ಗಾಳಿ ಮ್ಯಾಕ್ 1 ದಾಟಿ, ಉಳಿದೆಡೆ ದಾಟದೆ, ಎರಡು ಬಗೆಯ ಹರಿವು ಒಟ್ಟಿಗೇ ಇರುತ್ತದೆ. ಗಾಳಿಯ ಎಳೆತ ಅಲ್ಲಿ ಥಟ್ಟನೆ ಏರುತ್ತದೆ, ಇಂಧನದ ಖರ್ಚೂ ಏರುತ್ತದೆ.

ಆಘಾತ ತರಂಗ

ಸಬ್‌ಸಾನಿಕ್ ವೇಗದಲ್ಲಿ ಚಲಿಸುವ ವಸ್ತುವಿನಿಂದ ಹೊರಟ ಒತ್ತಡದ ಅಲೆಗಳು ಅದಕ್ಕಿಂತ ಮುಂದೆ ಓಡುತ್ತವೆ. ಮುಂದಿನ ಗಾಳಿಗೆ ವಸ್ತು ಬರುತ್ತಿರುವ ಸುಳಿವು ಮೊದಲೇ ಸಿಗುತ್ತದೆ, ಅದು ಬದಿಗೆ ಸರಿದು ದಾರಿ ಕೊಡುತ್ತದೆ. ವಸ್ತು ಶಬ್ದವನ್ನು ಹಿಂದಿಕ್ಕಿದಾಗ ಈ ಸುಳಿವು ತಲುಪುವುದೇ ಇಲ್ಲ. ಗಾಳಿ ಕಡೆಯ ಕ್ಷಣದವರೆಗೆ ಕದಲದೆ ನಿಂತಿದ್ದು, ಅತ್ಯಂತ ತೆಳುವಾದ ಒಂದು ಪದರದಲ್ಲಿ ಒಮ್ಮೆಲೇ ಒತ್ತಿಹೋಗುತ್ತದೆ. ಒತ್ತಡ, ಸಾಂದ್ರತೆ ಮತ್ತು ಉಷ್ಣಾಂಶಗಳು ಹಠಾತ್ತನೆ ಜಿಗಿಯುವ ಈ ಪದರವೇ ಆಘಾತ ತರಂಗ.

ಚಲಿಸುತ್ತಿರುವ ವಸ್ತುವಿನ ಹಿಂದೆ ಇಂತಹ ತರಂಗಗಳು ಶಂಕುವಿನ ಆಕಾರದಲ್ಲಿ ಹರಡಿಕೊಳ್ಳುತ್ತವೆ. ಹೊಳೆಯಲ್ಲಿ ವೇಗವಾಗಿ ಸಾಗುವ ದೋಣಿಯ ಇಕ್ಕೆಲಗಳಲ್ಲಿ ಮೂಡುವ ಅಲೆಯ ಗೆರೆಗಳಿಗೆ ಇದನ್ನು ಹೋಲಿಸಬಹುದು. ಶಂಕುವಿನ ಅರೆಕೋನದ ಸೈನ್ ಬೆಲೆ 1 ಭಾಗಿಸು ಮ್ಯಾಕ್ ಸಂಖ್ಯೆಗೆ ಸಮ. ಹೀಗಾಗಿ ಮ್ಯಾಕ್ 2ರಲ್ಲಿ ಈ ಕೋನ 30 ಡಿಗ್ರಿ. ವೇಗ ಹೆಚ್ಚಿದಂತೆ ಶಂಕು ಕಿರಿದಾಗುತ್ತದೆ.

ಮನುಷ್ಯ ಶಬ್ದದ ವೇಗವನ್ನು ಮೊದಲು ಮೀರಿದ್ದು ಯಂತ್ರದಿಂದಲ್ಲ, ಬಹುಶಃ ಚಾಟಿಯಿಂದ. ಬೀಸಿದ ಚಾಟಿಯ ಶಕ್ತಿ ದಪ್ಪನೆಯ ಹಿಡಿಯ ಕಡೆಯಿಂದ ತೆಳುವಾದ ತುದಿಯ ಕಡೆಗೆ ಹರಿಯುತ್ತ ಹೋದಂತೆ ತುದಿಯ ವೇಗ ಮ್ಯಾಕ್ 1 ದಾಟುತ್ತದೆ. ಉತ್ತರ ಕರ್ನಾಟಕದ ಊರುಗಳಲ್ಲಿ ದುರುಗಮುರುಗಿಯವರು ಚಾಟಿ ಬೀಸುವಾಗ ಕೇಳುವ ಛಟೀರ್ ಸದ್ದು ಹಗ್ಗ ಮೈಗೆ ಬಡಿದದ್ದರಿಂದ ಬಂದುದು ಎಂದು ನೋಡುವವರಿಗೆ ಅನಿಸುತ್ತದೆ. ಆದರೆ ಗಾಳಿಯಲ್ಲೇ ಬೀಸಿದಾಗಲೂ ಅಂಥ ಸದ್ದು ಬರುತ್ತದೆ, ಅದು ಪುಟ್ಟ ಆಘಾತ ತರಂಗದ ಸದ್ದು. ಗುಡುಗೂ ಹುಟ್ಟುವಾಗ ಆಘಾತ ತರಂಗವೇ: ಮಿಂಚು ಹಾದ ದಾರಿಯ ಗಾಳಿ ಕ್ಷಣಮಾತ್ರದಲ್ಲಿ ವಿಪರೀತ ಕಾದು ಹಿಗ್ಗುವುದರಿಂದ ಅದು ಉಂಟಾಗುತ್ತದೆ.

ಶಬ್ದಸ್ಫೋಟ

ಶಬ್ದಾತೀತ ವಿಮಾನದ ಆಘಾತ ತರಂಗ ನೆಲ ಮುಟ್ಟಿದಾಗ ಕೇಳುವ ಭಾರೀ ಸದ್ದನ್ನು ಶಬ್ದಸ್ಫೋಟ ಅಥವಾ ಸಾನಿಕ್ ಬೂಮ್ ಎನ್ನುತ್ತಾರೆ. ವಿಮಾನವು ಮ್ಯಾಕ್ 1 ದಾಟುವ ಕ್ಷಣದಲ್ಲಿ ಮಾತ್ರ ಒಮ್ಮೆ ಈ ಸದ್ದು ಆಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಶಬ್ದಾತೀತ ಹಾರಾಟ ಮುಂದುವರಿದಿರುವಷ್ಟು ಹೊತ್ತೂ ತರಂಗದ ಶಂಕುವು ವಿಮಾನದ ಜೊತೆಗೇ ಸಾಗುತ್ತ, ನೆಲದ ಮೇಲೆ ಹಲವು ಹತ್ತು ಕಿಲೋಮೀಟರ್ ಅಗಲದ ಪಟ್ಟಿಯನ್ನು ಸವರಿಕೊಂಡು ಹೋಗುತ್ತದೆ. ಆ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಶಂಕು ತಮ್ಮನ್ನು ದಾಟುವಾಗ ಒಮ್ಮೆ ಸದ್ದು ಕೇಳಿಸುತ್ತದೆ. ವಿಮಾನದ ಮೂತಿಯಿಂದ ಒಂದು, ಬಾಲದಿಂದ ಇನ್ನೊಂದು ತರಂಗ ಹೊರಡುವುದರಿಂದ ಹಲವೊಮ್ಮೆ ಎರಡು ಸದ್ದುಗಳು ಬೆನ್ನುಬೆನ್ನಿಗೆ ಕೇಳುತ್ತವೆ. ಶಂಕುವಿಗಿಂತ ಮುಂದಿರುವ ಪೈಲಟ್‌ಗೆ ಅದು ಕೇಳುವುದಿಲ್ಲ.

ಎತ್ತರದಲ್ಲಿ ಹಾರುವ ದೊಡ್ಡ ವಿಮಾನದ ತರಂಗವು ನೆಲದ ಮೇಲೆ ಉಂಟುಮಾಡುವ ಒತ್ತಡದ ಏರಿಕೆ ವಾತಾವರಣದ ಒತ್ತಡದ ಸಾವಿರದಲ್ಲಿ ಒಂದು ಪಾಲಿನಷ್ಟಿರುತ್ತದೆ. ಪ್ರಮಾಣ ಅಲ್ಪವೆನಿಸಿದರೂ ಅದು ಬರುವುದು ಕಣ್ಣೆವೆ ಮುಚ್ಚುವುದರೊಳಗೆ, ಆದ್ದರಿಂದ ಕಿಟಕಿ ಬಾಗಿಲುಗಳು ಅದುರುತ್ತವೆ. ತೀರ ಕೆಳಗೆ ಹಾರಿದರೆ ಗಾಜು ಒಡೆಯಬಹುದು. ಇನ್ನೊಂದೆಡೆ, ಮ್ಯಾಕ್ 1ನ್ನು ಅಲ್ಪ ಪ್ರಮಾಣದಲ್ಲಷ್ಟೇ ಮೀರಿ ಎತ್ತರದಲ್ಲಿ ಹಾರುವ ವಿಮಾನದ ತರಂಗವು ಕೆಳಗಿನ ಬೆಚ್ಚನೆಯ ಗಾಳಿಯಲ್ಲಿ ಮೇಲ್ಮುಖವಾಗಿ ಬಾಗಿ, ನೆಲ ತಲುಪದೆಯೂ ಹೋಗಬಹುದು.

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ಕೇಳಿದ ಸದ್ದು ಕರ್ನಾಟಕದಲ್ಲಿ ಇದರ ಅತ್ಯಂತ ಪರಿಚಿತ ಉದಾಹರಣೆ. ಲಾಕ್‌ಡೌನ್‌ನಿಂದ ನಗರ ಎಂದಿಗಿಂತ ನಿಶ್ಶಬ್ದವಾಗಿದ್ದ ದಿನಗಳವು. ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ, ದೇವನಹಳ್ಳಿಯವರೆಗೆ ಜನರು ಸದ್ದು ಕೇಳಿ ಭೂಕಂಪವೆಂದು ಗಾಬರಿಯಾದರು. ಭೂಕಂಪಮಾಪಕಗಳಲ್ಲಿ ಕಂಪನ ದಾಖಲಾಗಿಲ್ಲ ಎಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತಿಳಿಸಿತು. ಸಂಜೆಯ ಹೊತ್ತಿಗೆ ರಕ್ಷಣಾ ಇಲಾಖೆಯ ಸ್ಪಷ್ಟನೆ ಬಂದಿತು: ಅದು ವಾಯುಪಡೆಯ ವಾಡಿಕೆಯ ಪರೀಕ್ಷಾ ಹಾರಾಟ, ವಿಮಾನ ನಗರದ ಮಿತಿಯಿಂದ ಬಹು ದೂರದಲ್ಲಿ ನಿಗದಿತ ವಾಯುಪ್ರದೇಶದಲ್ಲಿತ್ತು, 36,000ದಿಂದ 40,000 ಅಡಿ ಎತ್ತರದಲ್ಲಿ ಶಬ್ದಾತೀತ ವೇಗದಿಂದ ವೇಗ ತಗ್ಗಿಸುವಾಗ ಬಹುಶಃ ಈ ಸದ್ದು ಕೇಳಿಸಿದೆ. ವಿಮಾನ 65ರಿಂದ 80 ಕಿ.ಮೀ. ದೂರದಲ್ಲಿದ್ದರೂ ಇಂತಹ ಸದ್ದು ಕೇಳಬಹುದು ಎಂದೂ ಅದರಲ್ಲಿ ಹೇಳಲಾಗಿತ್ತು.

ಎಲ್ಲ ಭಾರೀ ಸದ್ದುಗಳೂ ಆಕಾಶದಿಂದ ಬಂದವಲ್ಲ. ಯಾದಗಿರಿಯ ನೆರೆಯ ಕಲಬುರಗಿ ಜಿಲ್ಲೆಯಲ್ಲಿ, ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತಮುತ್ತ 2021ರ ಅಕ್ಟೋಬರ್‌ನಲ್ಲಿ ಕೇಳಿದ ಸದ್ದುಗಳು ನೆಲದಡಿಯಿಂದ ಬಂದವು, ಅವುಗಳ ಜೊತೆಗೆ ಲಘು ಭೂಕಂಪನಗಳೂ ದಾಖಲಾದವು. ಎರಡನ್ನೂ ಬೇರ್ಪಡಿಸಲು ಕಿವಿಗಿಂತ ಭೂಕಂಪಮಾಪಕವೇ ನಂಬಲರ್ಹ ಸಾಕ್ಷಿ.

ವಿಮಾನ ವಿನ್ಯಾಸದ ಸಮಸ್ಯೆಗಳು

ಎರಡನೇ ಮಹಾಯುದ್ಧದ ಕಾಲದಲ್ಲಿ ವೇಗವಾಗಿ ಕೆಳಮುಖವಾಗಿ ಧುಮುಕುತ್ತಿದ್ದ ಯುದ್ಧವಿಮಾನಗಳು ಅದುರಿ ಹತೋಟಿ ತಪ್ಪುತ್ತಿದ್ದವು. ಶಬ್ದದ ವೇಗವೆಂಬುದು ದಾಟಲಾಗದ ಗೋಡೆ ಎಂಬ ಭಾವನೆ ಆಗ ಬೆಳೆಯಿತು, ಶಬ್ದದ ತಡೆಗೋಡೆ ಎಂಬ ಮಾತು ಇಂದಿಗೂ ಉಳಿದಿದೆ. ಗೋಡೆಯೇನೂ ಇರಲಿಲ್ಲ. ಎಳೆತ ಏರುತ್ತದೆ, ರೆಕ್ಕೆಯ ಮೇಲಿನ ಒತ್ತಡದ ಕೇಂದ್ರ ಹಿಂದಕ್ಕೆ ಸರಿಯುತ್ತದೆ, ಹಳೆಯ ಬಗೆಯ ಬಾಲದ ಪಟ್ಟಿಗಳು ನಿರುಪಯುಕ್ತವಾಗುತ್ತವೆ. ಇವಕ್ಕೆ ತೆಳುವಾದ, ಹಿಂದಕ್ಕೆ ಬಾಗಿದ ಅಥವಾ ತ್ರಿಕೋನಾಕಾರದ ರೆಕ್ಕೆ, ಚೂಪಾದ ಮೂತಿ, ಇಡಿಯಾಗಿ ತಿರುಗುವ ಬಾಲದ ರೆಕ್ಕೆ ಮುಂತಾದ ಪರಿಹಾರಗಳು ಸಿಕ್ಕವು. ಹಿಂದಕ್ಕೆ ಬಾಗಿದ ರೆಕ್ಕೆಯ ಅನುಕೂಲವನ್ನು ಜರ್ಮನಿಯ ಅಡಾಲ್ಫ್ ಬುಸೆಮನ್ 1935ರಲ್ಲಿಯೇ ಮಂಡಿಸಿದ್ದರು.

1947ರ ಅಕ್ಟೋಬರ್ 14ರಂದು ಅಮೆರಿಕದ ಪೈಲಟ್ ಚಕ್ ಯೇಗರ್ ರಾಕೆಟ್ ಚಾಲಿತ ಬೆಲ್ ಎಕ್ಸ್-1 ವಿಮಾನದಲ್ಲಿ ಮ್ಯಾಕ್ 1.06 ತಲುಪಿದರು. ಸಮತಲ ಹಾರಾಟದಲ್ಲಿ ಮನುಷ್ಯ ಶಬ್ದವನ್ನು ಮೀರಿದ ಮೊದಲ ದಾಖಲೆ ಇದು. ಐವತ್ತು ವರ್ಷ ಮತ್ತು ಒಂದು ದಿನದ ಬಳಿಕ, 1997ರ ಅಕ್ಟೋಬರ್ 15ರಂದು, ಬ್ರಿಟನ್ನಿನ ಆಂಡಿ ಗ್ರೀನ್ ಥ್ರಸ್ಟ್ ಎಸ್‌ಎಸ್‌ಸಿ ಎಂಬ ಕಾರಿನಲ್ಲಿ ನೆಲದ ಮೇಲೆಯೇ ಶಬ್ದದ ವೇಗ ದಾಟಿದರು.

ಆಕಾರ ಸರಿಯಾದ ಮೇಲೂ ಉಳಿಯುವ ದೊಡ್ಡ ಪ್ರಶ್ನೆ ಎಂಜಿನ್. ಜೆಟ್ ಎಂಜಿನ್ನಿನ ಸಂಪೀಡಕಕ್ಕೆ ಸಬ್‌ಸಾನಿಕ್ ವೇಗದ ಗಾಳಿಯೇ ಬೇಕು, ಆದ್ದರಿಂದ ಒಳನುಗ್ಗುವ ಶಬ್ದಾತೀತ ಗಾಳಿಯನ್ನು ಎಂಜಿನ್ ಮುಂದಿನ ಹಾದಿಯಲ್ಲೇ ನಿಧಾನಗೊಳಿಸಬೇಕು. ಟ್ರಾನ್ಸಾನಿಕ್ ಎಳೆತವನ್ನು ಗೆಲ್ಲಲು ಹೆಚ್ಚುವರಿ ನೂಕುಬಲವೂ ಬೇಕು. ಬಹುತೇಕ ಯುದ್ಧವಿಮಾನಗಳು ಎಂಜಿನ್ನಿನ ಬಿಸಿ ಅನಿಲದೊಳಗೆ ಮತ್ತೊಮ್ಮೆ ಇಂಧನ ಸುರಿದು ಉರಿಸುವ ಆಫ್ಟರ್‌ಬರ್ನರ್‌ನಿಂದ ಈ ಬಲ ಪಡೆಯುತ್ತವೆ. ಭಾರತದ ಅನುಭವದಲ್ಲಿ ನಿರ್ಣಾಯಕವಾದದ್ದು ಈ ಭಾಗವೇ.

ಬೆಂಗಳೂರಿನ ವಾಯು ಸುರಂಗಗಳು

ವಿಮಾನದ ಮಾದರಿಯನ್ನು ನಿಲ್ಲಿಸಿ ಅದರ ಮೇಲೆ ಗಾಳಿ ಹರಿಸಿ ಪರೀಕ್ಷಿಸುವ ಸಾಧನ ವಾಯು ಸುರಂಗ. ನೀರಿನ ಪೈಪಿನ ಬಾಯಿ ಒತ್ತಿದರೆ ನೀರು ರಭಸವಾಗಿ ಚಿಮ್ಮುವಂತೆ, ಕಿರಿದಾಗುವ ಹಾದಿಯಲ್ಲಿ ಗಾಳಿಯೂ ವೇಗ ಪಡೆಯುತ್ತದೆ. ಆದರೆ ಹೀಗೆ ಕಿರಿದಾಗಿಸುತ್ತ ಹೋದರೆ ಮ್ಯಾಕ್ 1ಕ್ಕಿಂತ ಮುಂದೆ ಹೋಗಲಾಗದು. ಅಲ್ಲಿಂದಾಚೆಗೆ ನಿಯಮ ತಿರುಗುಮುರುಗಾಗುತ್ತದೆ: ಹಾದಿ ಅಗಲವಾದಷ್ಟೂ ಶಬ್ದಾತೀತ ಗಾಳಿಯ ವೇಗ ಹೆಚ್ಚುತ್ತದೆ. ಆದ್ದರಿಂದ ಶಬ್ದಾತೀತ ಸುರಂಗದ ಹಾದಿ ಮೊದಲು ಸೊಂಟದಂತೆ ಕಿರಿದಾಗಿ ಬಳಿಕ ಹಿಗ್ಗುತ್ತದೆ. ರಾಕೆಟ್‌ನ ಹಿಂಬದಿ ಗಂಟೆಯಂತೆ ಅಗಲಿಸಿರುವುದಕ್ಕೂ ಕಾರಣ ಇದೇ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ 1942ರಲ್ಲಿ ಆರಂಭವಾಯಿತು. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಡಾಕ್ಟರೇಟ್ ಪಡೆದು 1951ರಲ್ಲಿ ಇಲ್ಲಿಗೆ ಬಂದ ಸತೀಶ್ ಧವನ್, ದೇಶದ ಮೊದಲ ಶಬ್ದಾತೀತ ವಾಯು ಸುರಂಗವನ್ನು ಇಲ್ಲಿ ಕಟ್ಟಿದರು. ಅದು ತೀರ ಚಿಕ್ಕದಾಗಿತ್ತು. ಮುಂದೆ ಇಸ್ರೋ ಅಧ್ಯಕ್ಷರೆಂದು ಪ್ರಸಿದ್ಧರಾದ ಅವರ ಮೂಲ ಕ್ಷೇತ್ರ ಇದೇ ಎಂಬುದು ಅನೇಕರಿಗೆ ತಿಳಿದಿಲ್ಲ.

ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ (ಎನ್‌ಎಎಲ್) 1.2 ಮೀಟರ್ ತ್ರಿಸಾನಿಕ್ ವಾಯು ಸುರಂಗ 1967ರಲ್ಲಿ ಕಾರ್ಯಾರಂಭ ಮಾಡಿತು. ಸಬ್‌ಸಾನಿಕ್, ಟ್ರಾನ್ಸಾನಿಕ್, ಸೂಪರ್‌ಸಾನಿಕ್ ಎಂಬ ಮೂರೂ ವಲಯಗಳಲ್ಲಿ, ಮ್ಯಾಕ್ 4ರವರೆಗೆ ಪರೀಕ್ಷೆ ನಡೆಸಬಲ್ಲ ಸುರಂಗವಿದು. ದೊಡ್ಡ ತೊಟ್ಟಿಗಳಲ್ಲಿ ಗಾಳಿಯನ್ನು ಒತ್ತಿ ತುಂಬಿಟ್ಟು ಒಮ್ಮೆಲೇ ಬಿಡುತ್ತಾರೆ, ಆ ಕಿರು ಅವಧಿಯೊಳಗೇ ಎಲ್ಲ ಅಳತೆಗಳೂ ಮುಗಿಯಬೇಕು. ತೇಜಸ್ ವಿಮಾನ ಹಾಗೂ ಇಸ್ರೋದ ಉಡಾವಣಾ ವಾಹನಗಳ ಮಾದರಿಗಳು ಇಲ್ಲಿ ಪರೀಕ್ಷೆಗೊಳಗಾಗಿವೆ. ಬೆಂಗಳೂರಿನ ಮುರುಗೇಶಪಾಳ್ಯದಲ್ಲಿ ವಿಂಡ್ ಟನಲ್ ರಸ್ತೆ ಎಂಬ ವಿಳಾಸವೇ ಇದೆ.

ಮಾರುತ ಮತ್ತು ತೇಜಸ್

ಸ್ವದೇಶದಲ್ಲಿಯೇ ಶಬ್ದಾತೀತ ಯುದ್ಧವಿಮಾನ ತಯಾರಿಸುವ ಯೋಜನೆಗಾಗಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯು (ಇಂದಿನ ಎಚ್‌ಎಎಲ್) 1956ರಲ್ಲಿ ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರನ್ನು ಬೆಂಗಳೂರಿಗೆ ಕರೆತಂದಿತು. ಅವರ ನೇತೃತ್ವದಲ್ಲಿ ಭಾರತೀಯ ಎಂಜಿನಿಯರ್‌ಗಳು ರೂಪಿಸಿದ ಎಚ್‌ಎಫ್-24 ಮಾರುತ ವಿಮಾನವನ್ನು 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಸುರಂಜನ್ ದಾಸ್ ಮೊದಲ ಬಾರಿಗೆ ಹಾರಿಸಿದರು.

ವಿಮಾನದ ದೇಹವನ್ನು ಮ್ಯಾಕ್ 2ರ ಗುರಿಯಿಟ್ಟು ರೂಪಿಸಲಾಗಿತ್ತು. ಅದಕ್ಕೆ ಉದ್ದೇಶಿಸಿದ್ದ ಹೆಚ್ಚು ಶಕ್ತಿಯ, ಆಫ್ಟರ್‌ಬರ್ನರ್ ಸಹಿತವಾದ ಬ್ರಿಟಿಷ್ ಆರ್ಫಿಯಸ್ ಎಂಜಿನ್ ಹಣಕಾಸಿನ ಬೆಂಬಲವಿಲ್ಲದೆ ಅರ್ಧಕ್ಕೇ ನಿಂತಿತು. ಬೇರೆ ದಾರಿಯಿಲ್ಲದೆ ಆಫ್ಟರ್‌ಬರ್ನರ್ ಇಲ್ಲದ ಆರ್ಫಿಯಸ್ 703 ಎಂಜಿನ್‌ಗಳನ್ನು ಎರಡೆರಡು ಅಳವಡಿಸಲಾಯಿತು. ಈಜಿಪ್ಟ್‌ನಲ್ಲಿ ರೂಪುಗೊಳ್ಳುತ್ತಿದ್ದ ಇ-300 ಎಂಜಿನ್ ಬಳಸುವ ಪ್ರಯತ್ನವೂ ಫಲಿಸಲಿಲ್ಲ. ದೇಶೀಯವಾಗಿಯೇ ಆಫ್ಟರ್‌ಬರ್ನರ್ ಜೋಡಿಸಿದ ಮಾದರಿಯೊಂದನ್ನು ಹಾರಿಸುವಾಗ, 1970ರ ಜನವರಿ 10ರಂದು, ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅಪಘಾತದಲ್ಲಿ ಮೃತಪಟ್ಟರು. ಎಚ್‌ಎಎಲ್ ಬಳಿಯ ಸುರಂಜನ್‌ದಾಸ್ ರಸ್ತೆ ಅವರ ಹೆಸರಿನದು.

ಹೀಗೆ ಮಾರುತ ಸಮತಲ ಹಾರಾಟದಲ್ಲಿ ಶಬ್ದವೇಗದ ಹೊಸ್ತಿಲಿನಲ್ಲಿಯೇ ಉಳಿಯಿತು. ಅದನ್ನು ವಿಫಲ ವಿಮಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಒಟ್ಟು 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ಪಶ್ಚಿಮದ ಮರುಭೂಮಿ ರಂಗದಲ್ಲಿ ನೆಲದ ಗುರಿಗಳ ಮೇಲಿನ ದಾಳಿಗೆ ಅವು ಬಳಕೆಯಾದವು, ವಿಮಾನ ವಿಮಾನಗಳ ಕಾಳಗದಲ್ಲಿ ಒಂದೂ ನಷ್ಟವಾಗಲಿಲ್ಲ. 1990ರ ವೇಳೆಗೆ ಎಲ್ಲವೂ ನಿವೃತ್ತಿಯಾದವು. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತವನ್ನು ಇಂದಿಗೂ ನೋಡಬಹುದು.

ಮಾರುತದ ಮೊದಲ ಹಾರಾಟಕ್ಕೆ ನಾಲ್ಕು ದಶಕ ತುಂಬುವ ಮುನ್ನ, 2001ರ ಜನವರಿ 4ರಂದು, ಅದೇ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಲಘು ಯುದ್ಧವಿಮಾನದ ಮೊದಲ ಮಾದರಿಯನ್ನು ಹಾರಿಸಿದರು. ಮುಂದೆ ತೇಜಸ್ ಎಂಬ ಹೆಸರು ಪಡೆದ ಈ ವಿಮಾನ 2003ರ ಆಗಸ್ಟ್ 1ರಂದು ಮ್ಯಾಕ್ 1 ದಾಟಿತು. ಮಾರುತಕ್ಕೆ ದಕ್ಕದ ಗಡಿಯನ್ನು ಅದು ದಾಟಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಎಂಜಿನ್ನಿನ ಬಲದಿಂದ. ತೇಜಸ್‌ಗಾಗಿಯೇ ಬೆಂಗಳೂರಿನ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆ ಕೈಗೊಂಡ ಕಾವೇರಿ ಎಂಜಿನ್ ಅಗತ್ಯ ನೂಕುಬಲ ನೀಡದ ಕಾರಣ ಅದನ್ನು 2008ರಲ್ಲಿ ಈ ಯೋಜನೆಯಿಂದ ಬೇರ್ಪಡಿಸಲಾಯಿತು. ದೇಹ ಸ್ವದೇಶಿ, ಎಂಜಿನ್ ವಿದೇಶಿ ಎಂಬ ಮಾರುತದ ಕಾಲದ ಸ್ಥಿತಿ ಹಾಗೆಯೇ ಮುಂದುವರಿದಿದೆ. 2016ರ ಜುಲೈ 1ರಂದು ಬೆಂಗಳೂರಿನಲ್ಲಿ ವಾಯುಪಡೆಯ 45ನೇ ಸ್ಕ್ವಾಡ್ರನ್‌ಗೆ ತೇಜಸ್ ಸೇರಿತು.

ಪ್ರಯಾಣಿಕ ವಿಮಾನಗಳು

ಶಬ್ದಾತೀತ ಪ್ರಯಾಣಿಕ ಸೇವೆ ನೀಡಿದ ವಿಮಾನಗಳು ಎರಡೇ: ಸೋವಿಯತ್ ಒಕ್ಕೂಟದ ಟಿಯು-144 ಮತ್ತು ಬ್ರಿಟನ್-ಫ್ರಾನ್ಸ್ ಜಂಟಿಯಾಗಿ ತಯಾರಿಸಿದ ಕಾಂಕಾರ್ಡ್. ಟಿಯು-144 ಸೇವೆ ಅಲ್ಪಾಯು. ಕಾಂಕಾರ್ಡ್ 1976ರ ಜನವರಿ 21ರಿಂದ 2003ರ ಅಕ್ಟೋಬರ್ 24ರವರೆಗೆ ಪ್ರಯಾಣಿಕರನ್ನು ಹೊತ್ತು ಮ್ಯಾಕ್ 2ರ ವೇಗದಲ್ಲಿ ಹಾರಿತು. ಹಾರಾಟದಲ್ಲಿ ಅದರ ಮೂತಿ ನೀರು ಕುದಿಯುವ ಮಟ್ಟಕ್ಕಿಂತ ಹೆಚ್ಚು ಕಾಯುತ್ತಿತ್ತು, ಲೋಹ ಹಿಗ್ಗಿ ವಿಮಾನದ ಉದ್ದವೇ ಕೆಲವು ಸೆಂಟಿಮೀಟರ್ ಬೆಳೆಯುತ್ತಿತ್ತು.

ಕಾಂಕಾರ್ಡನ್ನು ಕಟ್ಟಿಹಾಕಿದ್ದು ಇಂಧನದ ಖರ್ಚು ಮತ್ತು ಶಬ್ದಸ್ಫೋಟ. ನೆಲದ ಮೇಲೆ ಶಬ್ದಾತೀತ ನಾಗರಿಕ ಹಾರಾಟವನ್ನು ಅಮೆರಿಕ 1973ರಲ್ಲಿ ನಿಷೇಧಿಸಿತು. ಲಂಡನ್‌ನಿಂದ ಬಹರೇನ್ ಮಾರ್ಗವಾಗಿ ಸಿಂಗಪುರಕ್ಕೆ ಹೋಗುತ್ತಿದ್ದ ಕಾಂಕಾರ್ಡ್‌ಗೆ ಭಾರತದ ವಾಯುಪ್ರದೇಶದಲ್ಲಿಯೂ ಶಬ್ದಾತೀತ ವೇಗದ ಅನುಮತಿ ಸಿಗಲಿಲ್ಲ. 1980ರಲ್ಲಿ ಆ ಮಾರ್ಗವೇ ನಿಂತಿತು. 2000ದ ಜುಲೈ 25ರಂದು ಪ್ಯಾರಿಸ್ ಬಳಿ ನಡೆದ ಅಪಘಾತದಲ್ಲಿ 113 ಜನ ಸತ್ತ ಬಳಿಕ ಸೇವೆ ಹೆಚ್ಚು ಕಾಲ ಬಾಳಲಿಲ್ಲ. ಸದ್ದನ್ನೇ ತಗ್ಗಿಸುವ ಆಕಾರವನ್ನು ಪರೀಕ್ಷಿಸಲು ಅಮೆರಿಕದ ನಾಸಾ ಎಕ್ಸ್-59 ಎಂಬ ನೀಳ ಮೂತಿಯ ವಿಮಾನವನ್ನು ನಿರ್ಮಿಸಿದೆ. ಅದರ ಆಘಾತ ತರಂಗಗಳು ಒಂದಾಗಿ ಸಿಡಿಯದೆ, ಬಿಡಿಬಿಡಿಯಾಗಿ ಮೃದುವಾಗಿ ನೆಲ ತಲುಪಬೇಕೆಂಬುದು ಉದ್ದೇಶ.

ಆಘಾತ ತರಂಗಗಳ ಇತರ ಬಳಕೆ

ಮ್ಯಾಕ್ 5ರಾಚೆಯ ಹೈಪರ್‌ಸಾನಿಕ್ ಹರಿವಿನ ಅಧ್ಯಯನಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಘಾತ ಸುರಂಗಗಳಿವೆ. ಪರೀಕ್ಷೆಯ ಅವಧಿ ಇಲ್ಲಿ ಮಿಲಿಸೆಕೆಂಡುಗಳ ಲೆಕ್ಕದಲ್ಲಿರುತ್ತದೆ. ಇದೇ ಸಂಸ್ಥೆಯ ಪ್ರಾಧ್ಯಾಪಕ ಕೆ.ಪಿ.ಜೆ. ರೆಡ್ಡಿ ಅವರು ಕೈಯಿಂದ ಒತ್ತಿ ಆಘಾತ ತರಂಗ ಹುಟ್ಟಿಸುವ ಸರಳ ಕೊಳವೆಯೊಂದನ್ನು ರೂಪಿಸಿದ್ದು, ಅದು ರೆಡ್ಡಿ ಕೊಳವೆ ಎಂದೇ ಹೆಸರಾಗಿದೆ. ಕಾಲೇಜಿನ ಪ್ರಯೋಗಾಲಯದ ಮೇಜಿನ ಮೇಲೆಯೇ ಇದರಿಂದ ಶಬ್ದಾತೀತ ತರಂಗವನ್ನು ತೋರಿಸಬಹುದು. ಸೂಜಿಯಿಲ್ಲದೆ ಲಸಿಕೆ ನೀಡಲು, ಬಿದಿರಿನೊಳಗೆ ಸಂರಕ್ಷಕ ದ್ರಾವಣ ಇಳಿಸಲು, ಶ್ರೀಗಂಧದ ಎಣ್ಣೆ ತೆಗೆಯಲು ಆಘಾತ ತರಂಗ ಬಳಸುವ ಪ್ರಯೋಗಗಳೂ ಈ ಸಂಸ್ಥೆಯಲ್ಲಿ ನಡೆದಿವೆ. ಮೂತ್ರಪಿಂಡದ ಕಲ್ಲನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಪುಡಿಮಾಡುವ ಚಿಕಿತ್ಸೆಯಲ್ಲಿ ದೇಹದ ಹೊರಗಿನಿಂದ ಕಳಿಸುವುದೂ ಇಂತಹ ತರಂಗಗಳನ್ನೇ.